ಲಂಡನ್ನಿನ ಜಗಳ, ಮದ್ದೂರಿನ ಗ್ಯಾಸು

1990ರ ಜೂನ್ ಕೊನೆಯಲ್ಲಿ ಲಂಡನ್ನಿನಲ್ಲಿ ನಡೆದ ಜಗಳವೊಂದು ಮಂಡ್ಯ, ಮದ್ದೂರು, ಮಳವಳ್ಳಿಯ ಫ್ರಿಜ್ ರಿಪೇರಿ ಅಂಗಡಿಗಳವರೆಗೂ ಬಂದು ಮುಟ್ಟಿದೆ. ಅಂಗಡಿಯ ಮೂಲೆಯಲ್ಲಿ ಯಾವ ಸಿಲಿಂಡರ್ ಇರಬೇಕು, ಯಾವುದು ಇನ್ನು ಸಿಗುವುದಿಲ್ಲ ಎಂಬ ಲೆಕ್ಕದ ಬೇರು ಅಲ್ಲಿದೆ. ನಮ್ಮ ಪಠ್ಯಪುಸ್ತಕಗಳು 1987ರ ಸೆಪ್ಟೆಂಬರ್ 16ರ ಮಾಂಟ್ರಿಯಲ್ ಒಪ್ಪಂದವನ್ನು ಉರು ಹೊಡೆಸುತ್ತವೆ. ಆ ಒಪ್ಪಂದವನ್ನು ಭಾರತ ಒಪ್ಪಿಕೊಳ್ಳುವಂತೆ ಮಾಡಿದ ಲಂಡನ್ ಸಭೆಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹಿನ್ನೆಲೆ ಇಷ್ಟು. ಮೊದಲಿಗೆ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್ ಇರುತ್ತಿದ್ದವು. ಸೋರಿದರೆ ಪ್ರಾಣಕ್ಕೇ ಕುತ್ತು. 1928ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ವಾಸನೆಯಿಲ್ಲದ, ಬೆಂಕಿ ಹತ್ತದ ಸಿಎಫ್‌ಸಿ ಗ್ಯಾಸನ್ನು ಫ್ರಿಜ್ಜಿಗೆ ಒದಗಿಸಿದ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಆರ್-12. ಅದೇ ಗ್ಯಾಸು ಮೇಲೆ ಹೋಗಿ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕಾದ ನೆತ್ತಿಯ ಮೇಲೆ ಓಝೋನ್ ಬರಿದಾಗುತ್ತಿರುವುದಕ್ಕೆ ಬ್ರಿಟಿಷ್ ವಿಜ್ಞಾನಿಗಳು ಅಳತೆ ಸಮೇತ ಪುರಾವೆ ಕೊಟ್ಟರು. ಎರಡೇ ವರ್ಷದಲ್ಲಿ, ಇಂಥ ಗ್ಯಾಸುಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದ ಸಿದ್ಧವಾಯಿತು.

ಭಾರತ ಸಹಿ ಹಾಕಲಿಲ್ಲ. ಚೀನಾವೂ ಹಾಕಲಿಲ್ಲ. ಲಂಡನ್ನಿಗೆ ಹೋದವರು ವಿ.ಪಿ. ಸಿಂಗ್ ಸರ್ಕಾರದ ಪರಿಸರ ಖಾತೆ ರಾಜ್ಯ ಸಚಿವೆ, ಆಗಿನ್ನೂ 33ರ ಹರೆಯದ ಮೇನಕಾ ಗಾಂಧಿ. ಮೇಲಿನ ಪದರ ಹಾಳು ಮಾಡಿದ್ದು ಶ್ರೀಮಂತ ದೇಶಗಳ ಫ್ರಿಜ್ಜು, ಏಸಿ, ಸ್ಪ್ರೇ ಡಬ್ಬಿಗಳು. ಈಗ ನಾವೂ ನಿಲ್ಲಿಸಬೇಕೆಂದರೆ ಬದಲಿ ತಂತ್ರಜ್ಞಾನ ಕೊಡಿ, ಬದಲಾಯಿಸುವ ಖರ್ಚನ್ನೂ ಕೊಡಿ ಎಂದು ಅವರು ಪಟ್ಟು ಹಿಡಿದರು. ಇಂಥ ಗ್ಯಾಸುಗಳನ್ನು ತಲೆಗೆ ವರ್ಷಕ್ಕೆ 0.3 ಕೆ.ಜಿ.ಗಿಂತ ಕಡಿಮೆ ಬಳಸುವ ಅಭಿವೃದ್ಧಿಶೀಲ ದೇಶಗಳಿಗೆ ಹತ್ತು ವರ್ಷದ ವಿನಾಯ್ತಿ ಎಂದು ಒಪ್ಪಂದ ಹೇಳಿತ್ತು. ಭಾರತದ ಬಳಕೆ ಆ ಮಿತಿಯ ಹತ್ತನೇ ಒಂದು ಪಾಲೂ ಇರಲಿಲ್ಲ. ಆಗಿನ ಮಂಡ್ಯ ಜಿಲ್ಲೆಯ ಹಳ್ಳಿಗಳನ್ನು ನೆನೆಸಿಕೊಂಡರೆ ಆ ಅಂಕಿಯ ಅರ್ಥ ತಿಳಿಯುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು, ಆದರೆ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಇಲ್ಲಿಯ ಮನೆಗಳಲ್ಲಿ ತಂಪು ಎಂದರೆ ಮಡಕೆ ನೀರೇ ಆಗಿತ್ತು. ಮಾಡದ ತಪ್ಪಿಗೆ ದಂಡ ಕಟ್ಟುವುದಿಲ್ಲ ಎಂಬ ಹಟ ನ್ಯಾಯವಾಗಿಯೇ ಇತ್ತು.

ಹಟ ಗೆದ್ದಿತು. ಬಡ ದೇಶಗಳ ಖರ್ಚಿಗೆಂದು ಬಹುಪಕ್ಷೀಯ ನಿಧಿ ಹುಟ್ಟಿಕೊಂಡಿತು. ಮೊದಲ ಮೂರು ವರ್ಷಕ್ಕೆ 16 ಕೋಟಿ ಡಾಲರ್. ಭಾರತ ಮತ್ತು ಚೀನಾದಂಥ ದೇಶಗಳು ಬಂದು ಸೇರಿದರೆ 24 ಕೋಟಿ! ಪರಿಸರದ ವಿಷಯದಲ್ಲಿ ಕೆಡಿಸಿದವರೇ ಖರ್ಚು ಕೊಡಬೇಕೆಂಬ ಮಾತು ಹಣದ ರೂಪ ಪಡೆದ ಅಪರೂಪದ ಗಳಿಗೆ ಅದು. ಭಾರತ 1992ರ ಜೂನ್ 19ರಂದು ಒಪ್ಪಂದಕ್ಕೆ ಸೇರಿತು.

ಮುಂದಿನದು ಸರ್ಕಾರಿ ಕಡತಗಳ ಹಾದಿ. 2000ದ ಜುಲೈನಲ್ಲಿ ಓಝೋನ್ ನಿಯಮಗಳು ಬಂದವು. 2003ರ ಜನವರಿಯಿಂದ ಹೊಸ ಫ್ರಿಜ್ಜುಗಳಲ್ಲಿ ಸಿಎಫ್‌ಸಿ ಹಾಕುವುದು ನಿಂತಿತು. 2008ರ ಆಗಸ್ಟ್ 1ರ ಹೊತ್ತಿಗೆ, ಗಡುವಿಗಿಂತ 17 ತಿಂಗಳು ಮೊದಲೇ, ದೇಶದಲ್ಲಿ ಅದರ ಉತ್ಪಾದನೆ ನಿಂತಿತು. ಉಬ್ಬಸದ ಇನ್ಹೇಲರ್‌ಗಳಿಗಷ್ಟೇ ಆಗ ವಿನಾಯ್ತಿ ಇತ್ತು. ಗ್ಯಾಸು ತಯಾರಿಸುತ್ತಿದ್ದ ಕಂಪನಿಗಳಿಗೆ ಉತ್ಪಾದನೆ ನಿಲ್ಲಿಸಲು ಮಂಜೂರಾದ ಪರಿಹಾರ 8.2 ಕೋಟಿ ಡಾಲರ್.

ನನಗೆ ಸಂಕಟವಾಗುವುದು ಇಲ್ಲಿ. ಮೆಕ್ಯಾನಿಕ್‌ಗಳಿಗೆ ತರಬೇತಿ ಇರಲಿಲ್ಲ ಎಂದಲ್ಲ. ಸ್ವಿಸ್ ಮತ್ತು ಜರ್ಮನ್ ನೆರವಿನಿಂದ ಶಿಬಿರಗಳು ನಡೆದವು, ಕೆಲವರಿಗೆ ಉಪಕರಣಗಳೂ ಸಿಕ್ಕವು. ಆದರೆ ನಿಯಮದ ಕೊನೆಯ ಕೊಂಡಿ ಇರುವುದು ಸಣ್ಣ ಊರಿನ ಅಂಗಡಿಯಲ್ಲಿ, ಅದೇ ಸಡಿಲವಾಗಿ ಉಳಿಯಿತು.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಫ್ರಿಜ್ಜನ್ನು ಗೋಡೆಯಿಂದ ಎಳೆದು ಹಿಂದಕ್ಕೆ ತಿರುಗಿಸುತ್ತಾರೆ. ಕೆಳಗೆ ಕಂಪ್ರೆಸರ್‌ನಿಂದ ಹೊರಬಂದ ಗೇಣುದ್ದದ ತಾಮ್ರದ ಪೈಪಿನ ತುದಿಯನ್ನು ಕತ್ತರಿಸಿದರೆ ಬುಸ್ಸೆಂದು ಸದ್ದು. ನಿಮಿಷದೊಳಗೆ ಹಳೆಯ ಗ್ಯಾಸೆಲ್ಲ ಗಾಳಿಪಾಲು. ಆಮೇಲೆ ಬ್ರೇಜಿಂಗ್, ವ್ಯಾಕ್ಯೂಮ್ ಪಂಪು, ಗೇಜು ನೋಡಿಕೊಂಡು ಹೊಸ ಗ್ಯಾಸ್ ಚಾರ್ಜು, ಜೋಡಣೆಗೆ ಸೋಪಿನ ನೊರೆ ಹಚ್ಚಿ ಲೀಕ್ ಪರೀಕ್ಷೆ. ಹೀಗೆ ಹೋದ ಆರ್-12 ವಾತಾವರಣದಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಶತಮಾನವೊಂದರಲ್ಲಿ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ. ಅದನ್ನು ಹೀರಿ ಸಿಲಿಂಡರಿಗೆ ತುಂಬುವ ರಿಕವರಿ ಯಂತ್ರ ಇದೆ. ಆದರೆ ಆ ಕೆಲಸಕ್ಕೆ ಹಿಡಿಯುವ ಸಮಯಕ್ಕೆ ಗಿರಾಕಿ ಒಂದು ರೂಪಾಯಿ ಹೆಚ್ಚಿಗೆ ಕೊಡುವುದಿಲ್ಲ, ಹಿಡಿದಿಟ್ಟ ಗ್ಯಾಸನ್ನು ಕೊಳ್ಳುವವರು ತಾಲ್ಲೂಕಿನಲ್ಲಿಲ್ಲ. ದಿನದ ದುಡಿಮೆ ನೆಚ್ಚಿದವನು ಏನು ಮಾಡಬೇಕು?

ಈ ಮಧ್ಯೆ ಗ್ಯಾಸುಗಳು ಬದಲಾಗುತ್ತಲೇ ಹೋದವು. ಆರ್-12ರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ನಿರಪಾಯ, ಶಾಖ ಹಿಡಿಯುವುದರಲ್ಲಿ 1,430 ಪಟ್ಟು. ಏಸಿಗಳ ಆರ್-22ನ್ನು ಹೊಸ ಯಂತ್ರಗಳಲ್ಲಿ ಹಾಕಲು 2024ರ ಕೊನೆಯೇ ಗಡುವಾಗಿತ್ತು. ಈಗಿನ ಫ್ರಿಜ್ಜುಗಳ ಆರ್-600ಎ ಎಂದರೆ ಐಸೊಬ್ಯೂಟೇನ್, ಅಡುಗೆ ಗ್ಯಾಸಿನ ನೆಂಟ. ವಾತಾವರಣಕ್ಕೆ ಒಳ್ಳೆಯದು, ಆದರೆ ಹಳೆಯ ಅಭ್ಯಾಸದಲ್ಲಿ ಪೈಪಿಗೆ ಬೆಂಕಿ ಹಿಡಿದರೆ ಅನಾಹುತ. ಅಂದಾಜಿಗೆ ತುಂಬುವಂತೆಯೂ ಇಲ್ಲ, ಗ್ರಾಂ ಲೆಕ್ಕದಲ್ಲಿ ತೂಗಿಯೇ ತುಂಬಬೇಕು. ಪ್ರತಿ ಬದಲಾವಣೆಗೂ ಹೊಸ ಗೇಜು, ಹೊಸ ಎಣ್ಣೆ, ಹೊಸ ಕಲಿಕೆ; ಅದರ ಖರ್ಚೆಲ್ಲ ಸಣ್ಣ ಅಂಗಡಿಯವನ ಜೇಬಿನಿಂದ. ಕೈಬಿಡುವವರು ಬಿಟ್ಟರು. ಇಪ್ಪತ್ತು ವರ್ಷ ಓಡಿದ ಫ್ರಿಜ್ಜನ್ನು ಇನ್ನೂ ಹತ್ತು ವರ್ಷ ಓಡಿಸಬಲ್ಲ ಕೈಗಳು ಕಡಿಮೆಯಾಗಿವೆ. ರಿಪೇರಿಗೆ ಬರುತ್ತಿದ್ದ ಪೆಟ್ಟಿಗೆ ಈಗ ನೇರವಾಗಿ ಗುಜರಿಗೆ ಹೋಗುತ್ತದೆ. ಅಲ್ಲಿ ತಾಮ್ರಕ್ಕಾಗಿ ಪೈಪು ಮುರಿಯುವವರಿಗೆ ಒಳಗಿನ ಗ್ಯಾಸಿನ ಗೊಡವೆಯೇ ಇಲ್ಲ. ಇ-ತ್ಯಾಜ್ಯ ನಿಯಮದಲ್ಲಿ ಫ್ರಿಜ್ಜು, ಏಸಿ ಎರಡೂ ಇವೆ. ಗುಜರಿಯ ಅಂಗಳದವರೆಗೆ ಆ ನಿಯಮ ಇನ್ನೂ ನಡೆದು ಬಂದಿಲ್ಲ.

ಮಂಡ್ಯದಲ್ಲಿ ತಂಪು ಬೇಕಿರುವುದು ಮನೆಗಳಿಗಷ್ಟೇ ಅಲ್ಲ, ಹಾಲಿಗೂ. ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಮಂಡ್ಯ ಹಾಲು ಒಕ್ಕೂಟದ (ಮನ್‌ಮುಲ್) ಡೇರಿ ಇದೆ. ಹಿಂದೆ ಹಳ್ಳಿಯ ಡೇರಿಗೆ ಹಾಕಿದ ಹಾಲು ಕ್ಯಾನುಗಳಲ್ಲಿ ಲಾರಿಗಾಗಿ ಕಾಯಬೇಕಿತ್ತು. ಬಲ್ಕ್ ಮಿಲ್ಕ್ ಕೂಲರ್ (ಬಿಎಂಸಿ) ಬಂದಮೇಲೆ ಹಾಲು ಊರಲ್ಲೇ 4 ಡಿಗ್ರಿಗೆ ಇಳಿಯುತ್ತದೆ. ದೊಡ್ಡ ಡೇರಿಗಳು ಸಾಮಾನ್ಯವಾಗಿ ನೆಚ್ಚಿದ್ದು ಅದೇ ಹಳೆಯ ಅಮೋನಿಯಾವನ್ನು. ಅದು ಓಝೋನನ್ನೂ ಕೆಡಿಸುವುದಿಲ್ಲ, ಭೂಮಿಯನ್ನೂ ಕಾಯಿಸುವುದಿಲ್ಲ; ಅಪಾಯವೆಲ್ಲ ಸೋರಿದರೆ ಪಕ್ಕದಲ್ಲಿರುವವರಿಗೆ. ಊರೂರಿನ ಸಣ್ಣ ಕೂಲರ್‌ಗಳಿಗೆ ಮಾತ್ರ ಆರ್-22, ಆರ್-404ಎ ಬಗೆಯ ಗ್ಯಾಸುಗಳೇ ರೂಢಿ. ಆರ್-404ಎ ಶಾಖ ಹಿಡಿಯುವುದು 3,900 ಪಟ್ಟಿಗೂ ಮೇಲೆ. ಒಂದು ಲೀಕಾದರೆ ರೈತನ ಹಾಲೂ ಕೆಟ್ಟಿತು, ಗಾಳಿಯೂ ಕೆಟ್ಟಿತು.

2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಲಂಡನ್ನಿನ ವಾದವೇ ಮತ್ತೆ ಎದ್ದಿತು. ಭಾರತ ಮತ್ತೆ ಕಾಲಾವಕಾಶ ಪಡೆಯಿತು, ಅಲ್ಲಿಯ ತಿದ್ದುಪಡಿಯನ್ನು 2021ರಲ್ಲಿ ಅನುಮೋದಿಸಿತು. ಆರ್-134ಎ, ಆರ್-404ಎ ಬಗೆಯ ಎಚ್‌ಎಫ್‌ಸಿಗಳ ಬಳಕೆ 2028ರಲ್ಲಿ ಇದ್ದಲ್ಲೇ ನಿಲ್ಲಬೇಕು, 2032ರಿಂದ ಇಳಿಯಬೇಕು, 2047ಕ್ಕೆ ಶೇಕಡಾ 85ರಷ್ಟು ಕಡಿತವಾಗಬೇಕು. ದಿನಾಂಕಗಳು ಕಂಪನಿಗಳಿಗೆ ಬಾಯಿಪಾಠ. ತಾಲ್ಲೂಕಿಗೊಂದು ರಿಕವರಿ ಯಂತ್ರ, ಹಿಡಿದ ಗ್ಯಾಸಿಗೆ ಕೆ.ಜಿ. ಲೆಕ್ಕದಲ್ಲಿ ನಿಗದಿಯಾದ ದರ, ಐಟಿಐ ಹುಡುಗರಿಗೆ ಆರ್-600ಎ ಮೇಲೆ ಕೈಪಳಗಿಸುವ ವ್ಯವಸ್ಥೆ, ಇಷ್ಟಾದರೂ 2028ರೊಳಗೆ ಆಗಲಿ. 1990ರಲ್ಲಿ ನಾವು ಜಗಳವಾಡಿ ಕೇಳಿದ ಖರ್ಚಿನಲ್ಲಿ ಪೈಪು ಕತ್ತರಿಸುವ ಈ ಕೈಗಳ ಪಾಲೂ ಸೇರಿತ್ತು. ಅದನ್ನು ಈಗ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕೇಳಬೇಕಾಗಿದೆ.