ಕಾಲರ್ ತಿರುವಿದ ಅಂಗಿ

ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಡಬ್ಬಿ ಕೊಡುವ ಭಾಂಡಿವಾಲಿಯರು ಮುಂಬಯಿ ಕಡೆಯವರಿಗೆಲ್ಲ ಪರಿಚಿತರೇ. ಕಳೆದ ದೀಪಾವಳಿಗೆ ಮುಂಚೆ ಡೊಂಬಿವಲಿಯ ನಮ್ಮ ಬಾಗಿಲಿಗೆ ಬಂದವಳು ನನ್ನ ಗಂಟು ಬಿಚ್ಚಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ, ನಾಲ್ಕು ಅಂಗಿ ಪಕ್ಕಕ್ಕೆಸೆದಳು. ನಾಲ್ಕೂ ನಮ್ಮ ಯಜಮಾನರವು. ಮೈಯೆಲ್ಲ ಗಟ್ಟಿ, ಕಾಲರ್ ಮಡಿಕೆ ಮಾತ್ರ ಪಿಸಿದು ಬಿಳಿ ನೂಲು ಹೊರಬಂದಿತ್ತು. ಲೋಕಲ್ ರೈಲಿನ ಬೆವರಿಗೆ ಯಾವ ಬ್ರ್ಯಾಂಡಾದರೂ ಅಷ್ಟೇ.

ಅವನ್ನು ನೆಲ ಒರೆಸಲು ಹರಿಯಬೇಕೆಂದಿದ್ದೆ. ಫೋನಿನಲ್ಲಿ ಧಾರವಾಡದ ಅಮ್ಮನಿಗೆ ಸುಮ್ಮನೆ ಹೇಳಿದರೆ, "ಅಯ್ಯ, ಕಾಲರ್ ತಿರುವಿ ಹಾಕು. ನಿಮ್ಮಪ್ಪಗ ಹಾಕಿ ಕೊಡತಿದ್ದಿಲ್ಲೇನು?" ಎಂದಳು. ನನಗೆ ಗೊತ್ತೇ ಇರಲಿಲ್ಲ. ತೇಪೆ ಹಾಕಿದ ಲಂಗ ತೊಟ್ಟು ಶಾಲೆಗೆ ಹೋಗುವುದಿಲ್ಲವೆಂದು ಒಂದು ಜೂನ್ ತಿಂಗಳಲ್ಲಿ ನಾನು ಅತ್ತದ್ದು ನೆನಪಿದೆ. ಹೊಸ ಲಂಗ ಬಂದದ್ದೂ ನೆನಪಿದೆ. ಆ ವರ್ಷ ಅಪ್ಪನಿಗೆ ಹೊಸ ಅಂಗಿ ಬರಲಿಲ್ಲವೆಂಬುದು ಈಗ, ನನ್ನ ಐವತ್ತನೇ ವಯಸ್ಸಿನಲ್ಲಿ ತಿಳಿಯಿತು.

ಕೆಲಸ ಮಾತ್ರ ನಾನಂದುಕೊಂಡಷ್ಟು ಕಷ್ಟದ್ದಲ್ಲ. ಕಾಲರಿನಲ್ಲಿ ಎರಡು ಭಾಗ: ಕುತ್ತಿಗೆ ಸುತ್ತುವ ಪಟ್ಟಿ, ಅದರ ಮೇಲೆ ಮಡಚಿ ಬೀಳುವ ಎಲೆ. ಸವೆಯುವುದು ಎಲೆಯ ಹೊರಮೈ. ಒಳಮೈ ಹೊಸದರಂತೆಯೇ ಇರುತ್ತದೆ. ಬಿಚ್ಚುವ ಮೊದಲು ಎರಡರ ನಡುಮಧ್ಯಕ್ಕೂ ಪೆನ್ಸಿಲ್ ಗುರುತು ಹಾಕಿ. ಎಲೆಯನ್ನು ಹಿಡಿದಿರುವ ಹೊಲಿಗೆಯನ್ನಷ್ಟೇ ಬಿಚ್ಚಿ ಎಲೆ ಹೊರತೆಗೆದು, ಪಿಸಿದ ಜಾಗಕ್ಕೆ ಒತ್ತಾಗಿ ನಾಲ್ಕು ಸಾಲು ಹೊಲಿಗೆ ಓಡಿಸಿ. ಆಮೇಲೆ ಎಲೆ ತಿರುವಿ, ಮತ್ತೆ ಪಟ್ಟಿಯೊಳಗೆ ತೂರಿಸಿ, ಗುರುತಿಗೆ ಗುರುತು ಕೂಡಿಸಿ ಟಾಕು ಹಾಕಿ, ಹಳೇ ತೂತುಗಳ ಸಾಲಿನಲ್ಲೇ ಹಿಂಹೊಲಿಗೆ ಹಾಕಿ. ನಾನು ಮೊದಲ ಅಂಗಿಯಲ್ಲಿ ಗುರುತು ಮರೆತೆ. ಕಾಲರಿನ ಒಂದು ತುದಿ ಅರ್ಧ ಬೆರಳು ಉದ್ದವಾಯಿತು; ಎಲ್ಲ ಬಿಚ್ಚಿ ಎರಡನೇ ಸಲ ಹೊಲಿದೆ. ಒಳಮೈಯಲ್ಲಿ ಪ್ಲಾಸ್ಟಿಕ್ ಕಡ್ಡಿಯ ಸಂದು ಇರುವ ಕಾಲರಿಗೆ ಈ ಉಪಾಯ ನಡೆಯದು.

ಯಜಮಾನರು ಅದನ್ನೇ ತೊಟ್ಟು ಆಫೀಸಿಗೆ ಹೋಗಿಬಂದರು. ಯಾರೂ ಗಮನಿಸಲಿಲ್ಲವಂತೆ. ಅವರಿಗೆ ಅದೇ ಸಮಾಧಾನ, ನನಗೆ ತುಸು ಬೇಸರ!

ಅಲ್ಲಿಂದ ಕಾಲುಚೀಲಕ್ಕೆ ಬಂದೆ. ಅಮ್ಮ ಕಾಲುಚೀಲದೊಳಗೆ ಸುಟ್ಟುಹೋದ ಗಾಜಿನ ಬಲ್ಬ್ ಇಟ್ಟುಕೊಂಡು ರಫೂ ಮಾಡುತ್ತಿದ್ದಳು. ಈಗಿನ ಎಲ್‌ಇಡಿ ಬಲ್ಬಿಗೆ ಆ ದುಂಡು ಎಲ್ಲಿ ಬರಬೇಕು, ನಾನು ಮೂಸಂಬಿ ಇಟ್ಟುಕೊಳ್ಳುತ್ತೇನೆ. ತೂತಿನ ಅಂಚಿನಿಂದಲೇ ಶುರು ಮಾಡಬಾರದು, ಅರ್ಧ ಇಂಚು ಆಚೆಯ ಗಟ್ಟಿ ಬಟ್ಟೆಯಿಂದ ಹೊರಡಬೇಕು. ಮೊದಲು ಉದ್ದಕ್ಕೆ ಎಳೆ ಹಾಸಿ, ಅಡ್ಡ ಎಳೆಗಳನ್ನು ಒಂದರ ಮೇಲೆ ಒಂದರ ಕೆಳಗೆ ನೇಯಬೇಕು. ಎಳೆದು ಬಿಗಿ ಮಾಡಿದರೆ ಗಂಟಾಗಿ ಕಾಲಿಗೆ ಒತ್ತುತ್ತದೆ.

ಎಲ್ಲವನ್ನೂ ಉಳಿಸಲಾಗುವುದಿಲ್ಲ. ಬೆಳಕಿಗೆ ಹಿಡಿದಾಗ ತೂತಿನ ಸುತ್ತ ಬಟ್ಟೆಯೇ ಜಾಳಾಗಿ ಕಂಡರೆ ಹೊಸ ದಾರ ಹಳೇ ಬಟ್ಟೆಯನ್ನು ಇನ್ನಷ್ಟು ಹರಿಯುತ್ತದೆ. ಅಂಥವನ್ನು ಊರಿಗೆ ಒಯ್ಯುತ್ತೇನೆ, ಅಮ್ಮನ ಕೌದಿಗೆ. ಪದರದ ಮೇಲೆ ಪದರ ಹಾಸಿ ಹೊಲಿಯುವುದರಿಂದ ಅಲ್ಲಿ ಜಾಳು ಬಟ್ಟೆಗೂ ಜಾಗವಿದೆ.

ಅಮ್ಮನ ಕೈ ಇನ್ನೂ ನಡೆಯುತ್ತದೆ, ಕಣ್ಣಿಗೆ ಮಾತ್ರ ಸೂಜಿಯ ತೂತು ಕಾಣದು. ಹೋದಾಗಲೆಲ್ಲ ಹನ್ನೆರಡು ಸೂಜಿಗೆ ದಾರ ಪೋಣಿಸಿ, ಬಟ್ಟೆ ತುಂಡಿಗೆ ಚುಚ್ಚಿಟ್ಟು ಬರುತ್ತೇನೆ. ವಾರದೊಳಗೆ ಮುಗಿದುಬಿಡುತ್ತವೆ. ಆಮೇಲೆ ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬರುವುದನ್ನೇ ಕಾಯುತ್ತ ಕೂತಿರುತ್ತಾಳಂತೆ.