ತಾಳ ತಪ್ಪಿದ ಎದೆಬಡಿತ, ಹೆಪ್ಪುಗಟ್ಟುವ ರಕ್ತ



ಹಂಪಾಪುರದ ಸುತ್ತಿನ ನಮ್ಮ ಊರುಗಳಲ್ಲಿ ಹಿರಿಯರಿಗೆ ಹಠಾತ್ತನೆ ಲಕ್ವ ಹೊಡೆದರೆ ‘ಗಾಳಿ ಸೋಕಿತು’ ಎನ್ನುವವರು ಇನ್ನೂ ಇದ್ದಾರೆ. ಆದರೆ ಎಷ್ಟೋ ವೇಳೆ ಅದರ ಮೂಲ ಎದೆಯಲ್ಲಿರುತ್ತದೆ.

ಆರೋಗ್ಯವಂತರ ಹೃದಯವು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಒಂದೇ ತಾಳದಲ್ಲಿ ಬಡಿಯುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ರೋಗದಲ್ಲಿ ಹೃದಯದ ಮೇಲಿನ ಕೋಣೆಗಳಲ್ಲಿ ವಿದ್ಯುತ್ ಸಂಕೇತಗಳು ನಿಮಿಷಕ್ಕೆ 350ಕ್ಕೂ ಹೆಚ್ಚು ಬಾರಿ ಅಡ್ಡಾದಿಡ್ಡಿಯಾಗಿ ಹರಿದಾಡುತ್ತವೆ. ಆಗ ಆ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರಿದೆ ಅದುರುತ್ತವೆ. ಎಡ ಮೇಲ್ಕೋಣೆಗೆ ಅಂಟಿಕೊಂಡ ಸಣ್ಣ ಚೀಲದಲ್ಲಿ ರಕ್ತ ನಿಂತುಬಿಡುತ್ತದೆ. ಕದಲಿಸದೆ ಇಟ್ಟ ಹಾಲು ಹೆಪ್ಪುಗಟ್ಟುವಂತೆ, ನಿಂತ ರಕ್ತವೂ ಗಟ್ಟಿಯಾಗುತ್ತದೆ. ಆ ಗಡ್ಡೆ ಕಳಚಿ ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಅದೇ ಲಕ್ವ.

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನವು 1978ರಲ್ಲಿ ತಿಳಿಸಿದಂತೆ, ಈ ರೋಗವಿದ್ದವರಿಗೆ ಲಕ್ವದ ಅಪಾಯ ಐದು ಪಟ್ಟಿಗಿಂತ ಹೆಚ್ಚು. ಬಾಲ್ಯದಲ್ಲಿ ಗಂಟಲುನೋವು, ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟವರಲ್ಲಿ ಅದು ಹದಿನೇಳು ಪಟ್ಟು.

ಇದಕ್ಕೆ ಕೊಡುವ ವಾರ್ಫರಿನ್ ಗುಳಿಗೆಯ ಕಥೆ ರೈತರಾದ ನಮಗೆ ಹತ್ತಿರದ್ದು. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಒಣಮೇವು ತಿಂದ ದನಗಳು ರಕ್ತ ಸೋರಿ ಸತ್ತವು. ವಿಸ್ಕಾನ್‌ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಿಂದ ಕಾರಣದ ವಸ್ತುವನ್ನು ಬೇರ್ಪಡಿಸಿದರು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧಿಯಾಗಿ ಬಂತು. ತೋಟದಲ್ಲಿ ಇಲಿಗೆ ಇಡುವ ಬ್ರೋಮಾಡಯೋಲೋನ್ ಕೂಡ ಅದೇ ಕುಲದ್ದು. ಆದ್ದರಿಂದಲೇ ಗುಳಿಗೆಯ ಅಳತೆ ತಪ್ಪಬಾರದು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ವೈದ್ಯರು ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿರಿ. ಸೊಪ್ಪು ಬಿಡಬೇಕಿಲ್ಲ; ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿರಿ. ಈಗ ಪದೇಪದೇ ರಕ್ತಪರೀಕ್ಷೆ ಬೇಡದ ಹೊಸ ಗುಳಿಗೆಗಳೂ ಇವೆ. ಕವಾಟ ತೀರ ಕಿರಿದಾದವರಿಗೆ ಮಾತ್ರ ವಾರ್ಫರಿನ್ನೇ ಸೂಕ್ತ. ‘ಮೈ ಹಗುರವಾಯಿತು’ ಎಂದು ಗುಳಿಗೆಯನ್ನು ನಾವೇ ನಿಲ್ಲಿಸುವುದು ಅತ್ಯಂತ ಅಪಾಯಕರ.

ಮಿತವಾದ ಕಾಫಿಯಿಂದ ಈ ರೋಗ ಹೆಚ್ಚುವುದೆಂದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಮದ್ಯ ಮತ್ತು ಹೊಗೆಸೊಪ್ಪಿನ ಮಾತು ಹಾಗಲ್ಲ. ರಕ್ತದೊತ್ತಡವನ್ನೂ ಹತೋಟಿಯಲ್ಲಿಡಬೇಕು.

ಅರವತ್ತು ದಾಟಿದ ಸದಸ್ಯರು ಮಣಿಕಟ್ಟಿನ ನಾಡಿಯನ್ನು ಪೂರಾ ಒಂದು ನಿಮಿಷ ಹಿಡಿದು ನೋಡಿರಿ. ತಾಳ ತಪ್ಪುತ್ತಿದ್ದರೆ ಇ.ಸಿ.ಜಿ. ಮಾಡಿಸಿರಿ. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿದೆ.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ನಾಟಿಮದ್ದು ಹುಡುಕುತ್ತ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಿ, ಮೆದುಳಿನ ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆ ಸೇರಿಸಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹಂಪಾಪುರದಿಂದ ಮೈಸೂರಿನ ದಾರಿಗೂ ಸಮಯ ಹಿಡಿಯುತ್ತದೆಂಬುದನ್ನು ನಾವೆಲ್ಲ ನೆನಪಿನಲ್ಲಿಡೋಣ.