‘ಇಲ್ಲೊಂದು ದಾರಿ ಇದೆ’ ಎಂದು ಹೇಳುವವರಿಲ್ಲದಾಗ

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ, ಕೊನೆಯ ಆಟ. ಡಿಂಗ್ ಲಿರೆನ್ ಮತ್ತು ಡಿ. ಗುಕೇಶ್ ತಲಾ ಆರೂವರೆ ಪಾಯಿಂಟ್‌ಗಳಲ್ಲಿ ಸಮನಾಗಿದ್ದರು. ಹಲಗೆಯ ಮೇಲೆ ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ. ಕಪ್ಪು ಕಾಯಿ ಆಡುತ್ತಿದ್ದ ಗುಕೇಶ್‌ಗೆ ಸಿಪಾಯಿ ಒಂದು ಹೆಚ್ಚು, ಅಷ್ಟೇ. ಆಟ ಡ್ರಾ ಕಡೆಗೆ ಹೊರಟಿತ್ತು. 55ನೆಯ ನಡೆಯಲ್ಲಿ ಡಿಂಗ್, ಆನೆಗೆ ಆನೆ ಕಡಿದು ಮುಗಿಸೋಣ ಎಂಬಂತೆ ತಮ್ಮ ಆನೆಯನ್ನು ಗುಕೇಶ್ ಆನೆಯ ಎದುರಿಗಿಟ್ಟರು. ಡಿಂಗ್ ಅವರ ಒಂಟೆ ಇದ್ದದ್ದು ಹಲಗೆಯ ಮೂಲೆಯಲ್ಲಿ. ಮೂಲೆಯ ಒಂಟೆಗೆ ಓಡಾಡಲು ಇರುವುದು ಒಂದೇ ಓರೆ ಸಾಲು. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಅದೇ ಸಾಲಿನ ನಡುವೆ ತಂದು ನಿಲ್ಲಿಸಿದರೆ ಒಂಟೆಗಳೂ ಕಡಿದುಹೋಗಲೇಬೇಕು. ಆಮೇಲೆ ಉಳಿದ ಆ ಒಂದು ಸಿಪಾಯಿಯೇ ಆಟ ಗೆಲ್ಲಿಸುತ್ತದೆ. ಇದನ್ನೇ ಪುಸ್ತಕದಲ್ಲಿ ಚಿತ್ರವಾಗಿ ಅಚ್ಚು ಹಾಕಿ, ಕೆಳಗೆ ‘ಕಪ್ಪು ಆಡಿ ಗೆಲ್ಲಬೇಕು’ ಎಂದು ಬರೆದರೆ ಶಾಲಾ ಟೂರ್ನಿ ಆಡುವ ಹುಡುಗಿಯೂ ಉತ್ತರ ಹೇಳಿಯಾಳು. ಆದರೆ ಗುಕೇಶ್‌ಗೇ ಅದು ಥಟ್ಟನೆ ಕಾಣಲಿಲ್ಲ, ಬೇರೊಂದು ನಡೆಗೆ ಇನ್ನೇನು ಕೈ ಹಾಕುವವರಿದ್ದರು ಎಂದು ಅವರೇ ಆಮೇಲೆ ಹೇಳಿದರು. ಇಂಥ ಟ್ಯಾಕ್ಟಿಕ್ಸ್ ಪಜಲ್ ಬಿಡಿಸಿದರೆ ಚೆಸ್ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಯ ಗಂಟು ಇರುವುದು ಆ ಅಡಿಬರಹದಲ್ಲೇ.

ಸುಧಾರಿಸುತ್ತದೆ ಎನ್ನಲು ಒಳ್ಳೆಯ ಆಧಾರಗಳಿವೆ. ಚೆನ್ನಾಗಿ ಆಡುವವರು ಹತ್ತಿಪ್ಪತ್ತು ನಡೆ ಮುಂದಕ್ಕೆ ಲೆಕ್ಕ ಹಾಕುತ್ತಾರೆ ಎಂಬುದು ಜನರ ನಂಬಿಕೆ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ 1940ರ ದಶಕದಲ್ಲಿ ಆಟಗಾರರಿಗೆ ಯೋಚನೆಯನ್ನು ಬಾಯಿಬಿಟ್ಟು ಹೇಳಲು ಹಚ್ಚಿ ನೋಡಿದಾಗ, ಲೆಕ್ಕದ ಆಳದಲ್ಲಿ ಅಂಥ ದೊಡ್ಡ ಅಂತರ ಸಿಗಲಿಲ್ಲ. ದಿಗ್ಗಜರ ಕಣ್ಣು ಮೊದಲಿಗೇ ಒಳ್ಳೆಯ ನಡೆಯ ಮೇಲೆ ಬೀಳುತ್ತಿತ್ತು. 1973ರಲ್ಲಿ ಅಮೆರಿಕದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ನಿಜವಾದ ಪಂದ್ಯದ ಹಲಗೆಯೊಂದನ್ನು ಐದು ಸೆಕೆಂಡ್ ತೋರಿಸಿ ಮುಚ್ಚಿದರು. ಮಾಸ್ಟರ್ ಆಟಗಾರ ಸುಮಾರು ಹದಿನಾರು ಕಾಯಿಗಳನ್ನು ನೆನಪಿನಿಂದ ಸರಿಯಾಗಿ ಜೋಡಿಸಿದರೆ, ಹೊಸಬ ನಾಲ್ಕಕ್ಕೇ ನಿಂತ. ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಮಾಸ್ಟರನೂ ಹೊಸಬನ ಮಟ್ಟಕ್ಕೇ ಇಳಿದ. ಅಂದರೆ ಅವನ ಜ್ಞಾಪಕಶಕ್ತಿ ದೊಡ್ಡದೇನಲ್ಲ, ಓದುವ ರೀತಿ ಬೇರೆ. ಕನ್ನಡ ಬಲ್ಲವರು ‘ರಾಷ್ಟ್ರ’ ಎಂಬ ಪದವನ್ನು ನೋಡಿದಾಗ ಷಕಾರ, ಅದರ ಅಡಿಗೆ ಟಕಾರ, ಪಕ್ಕಕ್ಕೆ ರಕಾರದ ಒತ್ತು ಎಂದು ಬಿಡಿಸಿ ಕೂಡಿಸುತ್ತಾರೆಯೇ? ಪದ ಇಡಿಯಾಗಿ ಕಾಣುತ್ತದೆ. ಪಜಲ್‌ಗಳು ಕೊಡುವುದು ಈ ಅಕ್ಷರಾಭ್ಯಾಸವನ್ನು.

ಒಂದು ಉದಾಹರಣೆ ನೋಡಿ. ಕಪ್ಪು ರಾಜ ತನ್ನ ಮೂಲೆಯಲ್ಲಿದ್ದಾನೆ, ಮುಂದೆ ಎರಡು ಸಿಪಾಯಿಗಳ ಗೋಡೆ, ಪಕ್ಕದ ಮನೆ ಮಾತ್ರ ಖಾಲಿ. ಬಿಳಿ ರಾಣಿ ಆ ಖಾಲಿ ಮನೆಗೇ ನುಗ್ಗಿ ಚೆಕ್ ಕೊಡುತ್ತಾಳೆ. ಬಿಳಿ ಕುದುರೆಯ ಕಾವಲಿರುವುದರಿಂದ ರಾಜ ಅವಳನ್ನು ಹೊಡೆಯುವಂತಿಲ್ಲ. ಕಪ್ಪು ಆನೆಯೇ ಬಂದು ಹೊಡೆಯಬೇಕು. ಹೊಡೆದು ಅಲ್ಲೇ ಕೂತಾಗ ರಾಜನಿಗೆ ಉಳಿದಿದ್ದ ಒಂದೇ ಕಿಂಡಿಯೂ ಮುಚ್ಚಿತು. ಕುದುರೆ ಒಂದು ಜಿಗಿತ ಜಿಗಿದರೆ ಚೆಕ್‌ಮೇಟ್; ರಾಜ ತನ್ನವರ ನಡುವೆಯೇ ಉಸಿರುಗಟ್ಟಿ ಸಾಯುತ್ತಾನೆ. 1497ರಲ್ಲಿ ಸ್ಪೇನಿನ ಲುಸೆನಾ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಇರುವ ಈ ವರಸೆಯನ್ನು ಹಲಗೆಯ ಮುಂದೆ ಕೂತು ತಾನಾಗಿಯೇ ಕಂಡುಹಿಡಿಯಲು ಪ್ರತಿಭೆ ಬೇಕು, ಗುರುತಿಸಲು ನಾಲ್ಕು ಸಲ ನೋಡಿದ್ದರೆ ಸಾಕು. (ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪ್ರಿಯವಾಗಿದ್ದ, ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಮುಟ್ಟಿಸುವ ಬಂಧಗಳ ಜಾತಿಯೇ ಬೇರೆ. ಸೊಗಸಾದ ಒಗಟು ನಿಜ, ಆದರೆ ಪಂದ್ಯದಲ್ಲಿ ಎದುರಾಗುವಂಥದ್ದಲ್ಲ.)

ನಾಲ್ಕು ಸಲ ಎಂಬ ಮಾತೇ ಮುಖ್ಯ. ಮೊಬೈಲಿನಲ್ಲಿ ದಿನಕ್ಕೆ ಐವತ್ತು ಹೊಸ ಪಜಲ್ ಒತ್ತಿ ಬಿಡುವವರಿಗೆ ರೇಟಿಂಗ್ ಯಾಕೆ ಏರುವುದಿಲ್ಲವೋ, ಅದಕ್ಕೆ ಕಾರಣ ಇಲ್ಲಿದೆ. ಸ್ವೀಡನ್ನಿನ ಹಾನ್ಸ್ ಟಿಕ್ಕನೆನ್ ಒಂದೇ ಪಜಲ್ ಕಟ್ಟನ್ನು, ಪ್ರತಿ ಸುತ್ತಿಗೂ ಸಮಯ ಕಡಿಮೆ ಮಾಡುತ್ತ, ಮತ್ತೆ ಮತ್ತೆ ಬಿಡಿಸಿದರು. 2010ರ ಬೇಸಿಗೆಯಲ್ಲಿ ಏಳು ವಾರಗಳೊಳಗೆ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಮೂರೂ ನಾರ್ಮ್ ಪಡೆದರು. ಮರಕುಟಿಗದ ಹೆಸರಿನಲ್ಲಿ ಆ ವಿಧಾನ ಪುಸ್ತಕವಾಯಿತು. ಅದಕ್ಕೂ ಮೊದಲು ಅಮೆರಿಕದ ಹವ್ಯಾಸಿ ಆಟಗಾರ ಮೈಕೆಲ್ ಡಿ ಲಾ ಮಾಜಾ ಸಾವಿರ ಪಜಲ್‌ಗಳನ್ನು ಏಳು ಸುತ್ತು ಬಿಡಿಸಿ, 400 ದಿನಗಳಲ್ಲಿ 400 ರೇಟಿಂಗ್ ಅಂಕ ಏರಿದ್ದಾಗಿ ಬರೆದಿದ್ದರು. ಗೆದ್ದವರು ಪುಸ್ತಕ ಬರೆಯುತ್ತಾರೆ, ಇದೇ ದಾರಿ ಹಿಡಿದು ಸೋತವರ ಲೆಕ್ಕ ಇಟ್ಟವರು ಯಾರು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆರ್ಜೆಂಟೀನಾದ ಆಟಗಾರರನ್ನು ಅಧ್ಯಯನ ಮಾಡಿದ ಗೊಬೆ ಮತ್ತು ಕಾಂಪಿಟೆಲ್ಲಿ 2007ರಲ್ಲಿ ಪ್ರಕಟಿಸಿದಂತೆ, ಮಾಸ್ಟರ್ ಮಟ್ಟ ಮುಟ್ಟಲು ಒಬ್ಬರಿಗೆ 3,016 ಗಂಟೆಗಳ ಅಭ್ಯಾಸ ಸಾಕಾಗಿತ್ತು, ಇನ್ನೊಬ್ಬರಿಗೆ 23,608 ಗಂಟೆ ಬೇಕಾಯಿತು. ಹಾಗಾಗಿ ಇಂತಿಷ್ಟು ಪಜಲ್‌ಗೆ ಇಂತಿಷ್ಟು ಅಂಕ ಎಂದು ಮಾತು ಕೊಡುವವರನ್ನು ನಂಬಬೇಕಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಣ್ಣಿಗೆ ರೂಢಿಯಾದದ್ದೇ ಕಣ್ಣು ಕಟ್ಟುತ್ತದೆ. 2008ರಲ್ಲಿ ಸಂಶೋಧಕರಾದ ಬಿಲಾಲಿಚ್, ಮೆಕ್‌ಲಿಯೋಡ್, ಗೊಬೆ ಮೇಲಿನ ಉಸಿರುಗಟ್ಟಿಸುವ ಮೇಟ್ ಸಾಧ್ಯವಿದ್ದ, ಆದರೆ ಅದಕ್ಕಿಂತ ಚಿಕ್ಕ ದಾರಿಯೂ ಇದ್ದ ಹಲಗೆಯನ್ನು ನುರಿತ ಆಟಗಾರರ ಮುಂದಿಟ್ಟರು. ಅವರಿಗೆ ಪರಿಚಿತ ವರಸೆ ಕಂಡಿತು, ಚಿಕ್ಕ ದಾರಿ ಕಾಣಲಿಲ್ಲ. ಬೇರೆ ದಾರಿ ಹುಡುಕುತ್ತಿದ್ದೇವೆ ಎಂದು ಅವರು ಹೇಳುತ್ತಿದ್ದಾಗಲೂ ಅವರ ಕಣ್ಣು ಹಳೆಯ ದಾರಿಯ ಮನೆಗಳಿಗೇ ಮರಳುತ್ತಿದ್ದುದನ್ನು ಕಣ್ಣಿನ ಚಲನೆ ದಾಖಲಿಸುವ ಯಂತ್ರ ಹಿಡಿಯಿತು. ಆದರೆ ಇದರಿಂದ ಪಜಲ್ ಬಿಡಬೇಕೆಂದಾಗುವುದಿಲ್ಲ, ಅಕ್ಷರ ಕಲಿತವರು ತಪ್ಪು ಓದಬಹುದೆಂದು ಅಕ್ಷರ ಬಿಟ್ಟ ಹಾಗಾದೀತು. ಬಿಡಿಸುವ ಕ್ರಮ ಬದಲಾಗಬೇಕು, ಅಷ್ಟೇ. ಮೊದಲ ನಡೆಯನ್ನು ಊಹಿಸಿ ಒತ್ತಿ, ಹಸಿರು ಗುರುತು ಬಂತೆಂದು ಮುಂದಕ್ಕೆ ಹೋಗುವುದು ಅಭ್ಯಾಸವೇ ಅಲ್ಲ. ಎದುರಾಳಿಯ ಅತ್ಯುತ್ತಮ ಉತ್ತರವನ್ನೂ ಸೇರಿಸಿ ಕೊನೆಯವರೆಗೆ ಮನಸ್ಸಿನಲ್ಲೇ ಆಡಿ, ಆಮೇಲೆ ಕಾಯಿ ಮುಟ್ಟಬೇಕು. ‘ಫೋರ್ಕ್’ (ಒಂದೇ ಕಾಯಿಯಿಂದ ಏಕಕಾಲಕ್ಕೆ ಎರಡು ಕಾಯಿಗಳ ಮೇಲೆ ದಾಳಿ) ಎಂಬ ತಲೆಬರಹದಡಿಯ ನೂರು ಪಜಲ್‌ಗಿಂತ ಬೆರಕೆಯಾದ ಇಪ್ಪತ್ತು ಮೇಲು, ಏಕೆಂದರೆ ತಲೆಬರಹವೇ ಅರ್ಧ ಉತ್ತರ. ಏನೂ ಇಲ್ಲದ, ಸುಮ್ಮನೆ ಒಂದು ಸಿಪಾಯಿ ಮುಂದಿಡುವುದೇ ಸರಿಯಾದ ಹಲಗೆಗಳೂ ನಡುನಡುವೆ ಇರಬೇಕು.

ಮತ್ತೆ, ಪಜಲ್ ಸಾಮಾನ್ಯವಾಗಿ ಗೆಲ್ಲುವವರ ಕಡೆಯಿಂದಲೇ ಶುರುವಾಗುತ್ತದೆ. ಸಿಂಗಪುರದಲ್ಲಿ ಡಿಂಗ್ ತಪ್ಪಿದ್ದು ತಮ್ಮ ಅವಕಾಶವನ್ನಲ್ಲ, ಎದುರಾಳಿಯ ಅವಕಾಶವನ್ನು. ಅದಕ್ಕೆ ಪಜಲ್ ಬಿಡಿಸಿದ ಮೇಲೆ ಒಂದು ನಡೆ ಹಿಂದಕ್ಕೆ ಹೋಗಿ, ಹಲಗೆಯನ್ನು ತಿರುಗಿಸಿ, ಸೋತವರ ಕುರ್ಚಿಯಲ್ಲಿ ಕೂತು ನೋಡಬೇಕು: ಇಲ್ಲಿ ಅವರು ಬೇರೇನು ಆಡಬಹುದಿತ್ತು? ಡಿಂಗ್ ಹಲಗೆಯಲ್ಲಿ ಉತ್ತರ ಕಷ್ಟದ್ದೇನಲ್ಲ. ಆನೆಯನ್ನು ಕಡಿಯಲು ಕೊಡದೆ ಉಳಿಸಿಕೊಂಡಿದ್ದರೆ ಸಾಕಿತ್ತು.